ಜೂನ್ ಒಂದರ ಮಕ್ಕಳು ಮತ್ತು ಒಂದು ಹಳೆಯ ಆಂಪ್ಲಿಫಯರ್

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಜನ್ಮದಿನ ಜೂನ್ 1. ಇದು ಗ್ರಹಗತಿಯ ಚಮತ್ಕಾರವೇನೂ ಅಲ್ಲ. ದಾಖಲಾತಿ ಪುಸ್ತಕದಲ್ಲಿ ಆ ದಿನಾಂಕವನ್ನು ಬರೆದವನು ನಾನೇ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯ ಸ್ಥಾಪನೆ, ದಾನಿಗಳ ಔದಾರ್ಯ, ಕಟ್ಟಡದ ಕಥೆ ಮೊದಲಾದವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆಂದು ಅರಿಕೆ ಮಾಡಿಕೊಂಡು, ಬೇರೊಂದು ವಿಷಯವನ್ನು ಆರಿಸಿಕೊಳ್ಳಲು ಅವರ ಅನುಮತಿ ಪಡೆದೆ. ಆ ವಿಷಯ ಅಮೆರಿಕೆಯಲ್ಲಿ ತಯಾರಾದ ಒಂದು ಗಿಟಾರ್ ಆಂಪ್ಲಿಫಯರ್. ಕನ್ನಡ ಶಾಲೆಯ ಸಂಚಿಕೆಯಲ್ಲಿ ಅದಕ್ಕೇನು ಕೆಲಸವೆಂದು ಓದುಗರು ಹುಬ್ಬೇರಿಸಿದರೆ ತಪ್ಪಿಲ್ಲ. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಮಾತ್ರ ನನ್ನ ಪ್ರಾರ್ಥನೆ.

ನಾನು ಹುಬ್ಬಳ್ಳಿಯಿಂದ ಮೀಟರ್‌ಗೇಜ್ ರೈಲಿನಲ್ಲಿ, ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರಗಳ ಮಾರ್ಗವಾಗಿ ವಾಸ್ಕೋಕ್ಕೆ ಬಂದಿಳಿದದ್ದು 1975ರ ಮಳೆಗಾಲದಲ್ಲಿ. ಕನ್ನಡ ಮಾಧ್ಯಮದ ಮ್ಯಾಟ್ರಿಕ್, ಅದರ ಮೇಲೊಂದು ಶಿಕ್ಷಕ ತರಬೇತಿ, ಒಂದು ಟ್ರಂಕು: ನನ್ನ ಆಸ್ತಿ ಇಷ್ಟೆ. ಆಗ ಬಂದರಿನಲ್ಲಿ, ಅದಿರು ತುಂಬುವಲ್ಲಿ, ಕಟ್ಟಡಗಳಲ್ಲಿ, 1973ರಲ್ಲಿ ಆರಂಭವಾಗಿದ್ದ ಝುವಾರಿ ಗೊಬ್ಬರದ ಕಾರ್ಖಾನೆಯ ಸುತ್ತಮುತ್ತ ದುಡಿಯಲು ಧಾರವಾಡ, ವಿಜಾಪುರ, ರಾಯಚೂರು ಜಿಲ್ಲೆಗಳ ಕುಟುಂಬಗಳು ಬಂದು ನೆಲೆಸುತ್ತಿದ್ದವು. ಮಕ್ಕಳನ್ನು ಶಾಲೆಗೆ ಸೇರಿಸಲು ತಂದೆತಾಯಿಗಳು ಬಂದರೆ ನನ್ನ ಮೊದಲ ಪ್ರಶ್ನೆ: "ಹುಟ್ಟಿದ್ದು ಯಾವಾಗ?" ಉತ್ತರ ಬಹುಶಃ ಹೀಗಿರುತ್ತಿತ್ತು: "ಬರ ಬಿದ್ದಿತ್ತಲ್ರಿ, ಅದರ ಮರುವರ್ಷ." ಜನನ ಮರಣಗಳ ನೋಂದಣಿ ಕಾಯಿದೆ 1969ರಲ್ಲಿಯೇ ಬಂದಿತ್ತಾದರೂ ಅದು ನಮ್ಮ ಹಳ್ಳಿಗಳ ಹೊಸ್ತಿಲನ್ನು ದಾಟಿರಲಿಲ್ಲ. ಆಗ ನಾವು ಮಾಸ್ತರರು ಮಾಡುತ್ತಿದ್ದುದೇನೆಂದರೆ, ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಸುತ್ತಿಸಿ ಎಡಗಿವಿಯನ್ನು ಮುಟ್ಟುತ್ತದೆಯೇ ಎಂದು ನೋಡುವುದು. ಹಾಲುಹಲ್ಲು ಬಿದ್ದಿವೆಯೇ ಎಂದು ನೋಡುವುದು. ಬಳಿಕ ಒಂದು ವರ್ಷವನ್ನು ಊಹಿಸಿ, ಶಾಲೆ ಆರಂಭವಾಗುವ ತಿಂಗಳಿಗೆ ಹೊಂದುವಂತೆ ಜೂನ್ 1 ಎಂದು ಬರೆದುಬಿಡುವುದು. ಒಳ್ಳೆಯ ಶಾಯಿ, ದುಂಡಾದ ಅಕ್ಷರ. ಅಕ್ಷರ ದುಂಡಾಗಿದ್ದರೆ ಬರೆದದ್ದು ನಿಜವೆಂದು ತೋರುತ್ತದೆ.

1977ರ ಜೂನ್‌ನಲ್ಲಿ ಹೀಗೆ ಸೇರಿದ ಹುಡುಗರಲ್ಲಿ ಒಬ್ಬನ ವಿಷಯವನ್ನು ಇಲ್ಲಿ ಹೇಳಬೇಕಾಗಿದೆ. ತನ್ನ ಹೆಸರು ಬೇಡವೆಂದು ಅವನು ಕೇಳಿಕೊಂಡಿದ್ದಾನೆ. ವಾಸ್ಕೋದ ಓದುಗರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ, ಆ ಮಾತು ಬೇರೆ. ಎತ್ತರದ ಹುಡುಗ. ಕೈ ಸಲೀಸಾಗಿ ಕಿವಿಯನ್ನು ಮುಟ್ಟಿತು. "ಏಳಿರಬೇಕ್ರಿ" ಎಂದರು ಅವನ ತಂದೆ. ಬಾಗಿಲಲ್ಲಿ ಇನ್ನೂ ಹದಿನೈದು ಮಂದಿ ಕಾದಿದ್ದರು. 1-6-1970 ಎಂದು ಬರೆದೆ.

ಆ ಹುಡುಗನ ಲಕ್ಷ್ಯವೆಲ್ಲ ನಮ್ಮ ಶಾಲೆಯ ಧ್ವನಿವರ್ಧಕದ ಮೇಲೆ. ತಿಯಾತ್ರ್ ನಾಟಕಗಳಿಗೆ ಮೈಕು ಒದಗಿಸುತ್ತಿದ್ದವರೊಬ್ಬರಿಂದ 1979ರಲ್ಲಿ ನಾವು ಕೊಂಡ ಹಳೆಯ ವಾಲ್ವ್ ಆಂಪ್ಲಿಫಯರ್ ಅದು. ಗುಂಡಿ ಒತ್ತಿದೊಡನೆ ಮಾತಾಡುವ ಜಾತಿಯದಲ್ಲ. ಒಳಗಿನ ಗಾಜಿನ ನಳಿಕೆಗಳು ಕೆಂಪಾಗುವ ತನಕ ಅಧ್ಯಕ್ಷರೂ ಕಾಯಬೇಕು, ಮುಖ್ಯ ಅತಿಥಿಗಳೂ ಕಾಯಬೇಕು. ಎಲ್ಲ ಮಕ್ಕಳೂ ವೇದಿಕೆಯ ಕಡೆಗೆ ನೋಡುತ್ತಿದ್ದರೆ ಇವನೊಬ್ಬ ಪೆಟ್ಟಿಗೆಯ ಹಿಂಬದಿಯ ಜಾಲರಿಯಲ್ಲಿ ಮೂಗು ತೂರಿಸಿ ನಿಂತಿರುತ್ತಿದ್ದ. ಒಂದು ಸ್ವಾತಂತ್ರ್ಯ ದಿನದಂದು ಭಾಷಣದ ನಡುವೆ ಧ್ವನಿ ನಿಂತುಹೋದಾಗ ಓಡಿಬಂದು, "ಸರ್, ಮೂರನೇದು ಕೆಂಪಾಗವಲ್ದರಿ" ಎಂದ. ನಳಿಕೆಯನ್ನು ಅಲುಗಾಡಿಸಿ ಗಟ್ಟಿಯಾಗಿ ಕೂರಿಸಿದಾಗ ಧ್ವನಿ ಬಂತು. ಆ ನಳಿಕೆಯ ಗಾಜಿನ ಮೇಲೆ ಇದ್ದದ್ದು ನಮ್ಮ ಬೆಂಗಳೂರಿನ ಮುದ್ರೆ, ಬಿಇಎಲ್. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಜಾಲಹಳ್ಳಿಯಲ್ಲಿ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಪರನಾಡಿನಲ್ಲಿ ಕುಳಿತ ನನಗೆ ಆ ಮೂರಕ್ಷರಗಳನ್ನು ಕಂಡು ತವರಿನ ಓಲೆ ಕಂಡಷ್ಟು ಸಂತೋಷವಾಗಿತ್ತು.

ಮುಂದೆ 1990ರಲ್ಲಿ ಆ ಹುಡುಗ ತನ್ನ ತಾಯಿಯನ್ನು ಕರೆದುಕೊಂಡು ನನ್ನ ಕೋಣೆಗೆ ಬಂದ. ತಾಂತ್ರಿಕ ತರಬೇತಿಯ ಹುದ್ದೆಯೊಂದಕ್ಕೆ ಅರ್ಜಿ ಹಾಕಿದ್ದ. ಶಾಲಾ ದಾಖಲೆಯ ಪ್ರಕಾರ ವಯೋಮಿತಿ ಕೆಲವೇ ತಿಂಗಳುಗಳಷ್ಟು ಮೀರಿತ್ತು. ಆ ತಾಯಿ ಹೇಳಿದ್ದು ನನಗಿನ್ನೂ ನೆನಪಿದೆ: "ಸರ್ರ, ನಾ ಇವನ್ನ ಹಡದಾಗ ಊರಾಗ ಯುದ್ಧದ ಸುದ್ದಿ. ರಾತ್ರಿ ದೀಪ ಹಚ್ಚಬ್ಯಾಡ್ರಿ ಅಂತ ಡಂಗುರ ಹೊಡದಿದ್ರು." ಅಂದರೆ 1971ರ ಡಿಸೆಂಬರ್. ನಾನು ಹುಡುಗನನ್ನು ಒಂದೂವರೆ ವರ್ಷ ಮುದುಕನನ್ನಾಗಿ ಮಾಡಿದ್ದೆ. ದಾಖಲೆ ಪುಸ್ತಕದ ದಿನಾಂಕವನ್ನು ಶಾಲೆ ಬಿಟ್ಟ ಮೇಲೆ ನಾವಾಗಿಯೇ ತಿದ್ದುವಂತಿಲ್ಲ, ಅದಕ್ಕೆ ಮೇಲಿನವರ ಆದೇಶ ಬೇಕು ಎಂದು ನಿಯಮವನ್ನು ಹೇಳಿದೆ. ನಿಯಮ ಸರಿಯಾಗಿಯೇ ಇತ್ತು. ಆದೇಶ ತರಿಸಲು ನಾನೇ ಪಣಜಿಗೆ ಎರಡು ಸಲ ಓಡಾಡಬಹುದಿತ್ತು, ಓಡಾಡಲಿಲ್ಲ. ಅವರು ನಮಸ್ಕಾರ ಮಾಡಿ ಹೊರಟುಹೋದರು. ಅರ್ಜಿಯ ಅವಧಿ ಮುಗಿಯಿತು. ಹುಡುಗ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. 1998ರಲ್ಲಿ ತನ್ನದೇ ಅಂಗಡಿ ತೆರೆದ.

ನಾನು ನಿವೃತ್ತನಾದ ಮೇಲೆ ಸಂಜೆಯ ಹೊತ್ತು ಆ ಅಂಗಡಿಯಲ್ಲಿ ಕುಳಿತುಕೊಳ್ಳುವುದು ರೂಢಿಯಾಯಿತು. ಒಂದು ಕಾಲದಲ್ಲಿ ನಾನು ಅವನಿಗೆ ಕಲಿಸಿದೆ. ಈಗ ಅವನು ನನಗೆ ಕಲಿಸುತ್ತಾನೆ. ಅಂಗಡಿಗೆ ಬರುವ ವಸ್ತುಗಳೋ ಗೋವೆಯ ಚರಿತ್ರೆಯೇ ಸರಿ. ಹಡಗಿನಲ್ಲಿ ದುಡಿದ ತಾರ್ವೊಟಿಗಳು ಇಂಗ್ಲೆಂಡಿನಿಂದ ಹೊತ್ತು ತಂದ ರೇಡಿಯೋಗಳು, ಮದುವೆಯ ಬ್ಯಾಂಡಿನವರ ಪೆಟ್ಟಿಗೆಗಳು, ಅರವತ್ತರ ದಶಕದ ಕೊನೆಯಿಂದ ಅಂಜುಣೆ, ಕಲಂಗುಟೆಗಳ ಕಡಲತೀರಕ್ಕೆ ಬಂದು ತಂಗಿದ ವಿದೇಶಿ ತರುಣರು ಹಿಂದಿರುಗುವಾಗ ಮಾರಿಹೋದ ಸಾಮಾನುಗಳು. ಟ್ರಾನ್ಸಿಸ್ಟರ್ ಬಂದು ಇಷ್ಟು ವರ್ಷಗಳಾದರೂ ಗಿಟಾರಿನವರು ಹಳೆಯ ವಾಲ್ವುಗಳನ್ನು ಬಿಡಲೊಲ್ಲರು. ಅದಕ್ಕೆ ಕಾರಣವನ್ನು ನನ್ನ ಶಿಷ್ಯ ಹೀಗೆ ವಿವರಿಸಿದ. ವಾಲ್ವ್ ಎಂದರೆ ಕಾಲುವೆಯ ತೂಬು. ಕಾದ ಋಣಾಗ್ರದಿಂದ ಹೊರಟ ಎಲೆಕ್ಟ್ರಾನುಗಳ ಪ್ರವಾಹವನ್ನು ನಡುವಿನ ಸಣ್ಣ ಜಾಲರಿ ತಡೆಯುತ್ತದೆ, ಬಿಡುತ್ತದೆ. ಗಿಟಾರಿನ ದುರ್ಬಲ ಸಂಕೇತ ಆ ತೂಬನ್ನು ಆಡಿಸಿದರೆ ದೊಡ್ಡ ಪ್ರವಾಹ ಅದರಂತೆ ಕುಣಿಯುತ್ತದೆ. ಮಿತಿ ಮೀರಿ ನುಡಿಸಿದಾಗ ಟ್ರಾನ್ಸಿಸ್ಟರು ಧ್ವನಿಯನ್ನು ಕತ್ತರಿಸಿದಂತೆ ಕಡಿದುಬಿಡುತ್ತದೆ. ವಾಲ್ವು ಮೆಲ್ಲನೆ ಒರಟಾಗುತ್ತದೆ. ಗಾಯಕನ ಗಂಟಲು ತಾರಸ್ಥಾಯಿಯಲ್ಲಿ ತುಸು ಕೆರೆದರೆ ಹೇಗೋ ಹಾಗೆ.

ಹಳೆಯ ಆಂಪ್ಲಿಫಯರುಗಳಲ್ಲಿ ಒಂದೇ ಹೆಸರಿನ ಮಾದರಿ ವರ್ಷದಿಂದ ವರ್ಷಕ್ಕೆ ಒಳಗೊಳಗೆ ಬದಲಾಗುತ್ತ ಹೋಗಿರುತ್ತದೆ. ಮುಖ ನೋಡಿ ಮೋಸಹೋಗಬಾರದು. "ಸರ್, ಮುಂದಿಂದ ಎಲ್ಲಾ ಒಂದ ಕಾಣ್ತಾವ್ರಿ. ತಿರುವಿ ಹಾಕಿ ನೋಡ್ಬೇಕ್ರಿ" ಎಂಬುದು ಅವನ ಸೂತ್ರ. ತಿರುವಿ ಹಾಕಿದಾಗ ಮೊದಲು ನೋಡತಕ್ಕದ್ದು ಬಿಡಿಭಾಗಗಳನ್ನು ಯಾವುದರ ಮೇಲೆ ಕೂರಿಸಿದ್ದಾರೆಂಬುದನ್ನು. ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ನಿನಲ್ಲಿ ಲಿಯೋ ಫೆಂಡರ್ ಸ್ಥಾಪಿಸಿದ ಕಂಪನಿಯವರು ನಾರಿನ ಹಲಗೆಯೊಂದರಲ್ಲಿ ಹಿತ್ತಾಳೆಯ ಕಣ್ಣುಗಳನ್ನು ಬಡಿದು (ಬೂಟಿನ ದಾರ ಪೋಣಿಸುವ ಕಣ್ಣುಗಳಂತೆಯೇ) ಅವುಗಳಲ್ಲಿ ಕಂಡೆನ್ಸರ್, ರೆಸಿಸ್ಟರುಗಳನ್ನು ಬೆಸೆದರು. ಇಂಗ್ಲೆಂಡಿನ ಮಾರ್ಷಲ್‌ನವರದು ಹಲಗೆಯ ಮೇಲೆ ನೆಟ್ಟ ಸಣ್ಣ ಲೋಹದ ಗೂಟಗಳು. ವಾಕ್ಸ್‌ನವರದು ಲೋಹದ ನಾಲಗೆಗಳ ಸಾಲು. ಎಪ್ಪತ್ತರ ದಶಕದಲ್ಲಿ ಮಾರ್ಷಲ್‌ನಂಥವರು ಅಚ್ಚು ಹಾಕಿದ ಸರ್ಕಿಟ್ ಬೋರ್ಡಿಗೆ ತಿರುಗಿದರು. ಬೋರ್ಡು ಅಗ್ಗ, ವೇಗ. ಆದರೆ ರಿಪೇರಿಗೆ ಬಂದಾಗ ತಾಮ್ರದ ಎಳೆಯೇ ಕಿತ್ತುಬರುತ್ತದೆಂದು ನನ್ನ ಶಿಷ್ಯನ ದೂರು.

ಈ ಮಾರ್ಷಲ್‌ನ ಜನ್ಮವೃತ್ತಾಂತವೂ ಸ್ವಾರಸ್ಯವಾದದ್ದು. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಸಂಗೀತ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಎಂಬವರು ತಮ್ಮ ಸಹಾಯಕರೊಡನೆ ಫೆಂಡರ್ ಕಂಪನಿಯ ಬಾಸ್‌ಮನ್ ಎಂಬ ಮಾದರಿಯನ್ನು ಮುಂದಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. ನಕ್ಷೆ ಹೆಚ್ಚುಕಡಿಮೆ ಅದೇ. ಆದರೆ ಟ್ರಾನ್ಸ್‌ಫಾರ್ಮರು ಬೇರೆ, ಧ್ವನಿವರ್ಧಕ ಬೇರೆ, ಸ್ವಲ್ಪ ಕಾಲದಲ್ಲೇ ವಾಲ್ವುಗಳೂ ಬೇರೆಯಾದವು. ಹೊರಟ ಧ್ವನಿ ಬೇರೆಯೇ ಆಯಿತು. ಧಾರವಾಡದ ಪೇಢೆಯ ಪಾಕವನ್ನು ಹಿಡಿದುಕೊಂಡು ಬೇರೆ ಊರಿನ ಹಾಲಿನಲ್ಲಿ ಮಾಡಿದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯ ಹೆಂಗಸರು ಬಲ್ಲರು.

ಫೆಂಡರಿನ ಮುಖಗಳಿಗೂ ಒಂದು ಕಾಲಕ್ರಮವಿದೆ. ಐವತ್ತರ ದಶಕದಲ್ಲಿ ಮೈಮೇಲೆ ಹಳದಿ ಛಾಯೆಯ ದಪ್ಪ ಬಟ್ಟೆ. 1960ರ ಹೊತ್ತಿಗೆ ಕಂದು. 1963ರ ಸುಮಾರಿನಿಂದ ಕಪ್ಪು ಮುಖ. 1968ರಿಂದ ನೀಲಿ ಅಕ್ಷರಗಳ ಬೆಳ್ಳಿ ಮುಖ. ನಡುವೆ, 1965ರ ಜನವರಿಯಲ್ಲಿ, ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ಮಾರಿದರು. ಕಪ್ಪು ಮುಖದವಕ್ಕೆ ಬೆಲೆ ಹೆಚ್ಚು, ಬೆಳ್ಳಿ ಮುಖದವಕ್ಕೆ ಕಡಿಮೆ. ಇದು ಸಂಗ್ರಾಹಕರ ಮಾತು. ಕೆಲವು ದೊಡ್ಡ ಮಾದರಿಗಳಲ್ಲಿ 1968ರಲ್ಲಿ ಅಂತಿಮ ಹಂತದ ವ್ಯವಸ್ಥೆಯನ್ನು ಬದಲಿಸಿದ್ದು ನಿಜ. ವಾದಕರಿಗೆ ಹಿಡಿಸದಿದ್ದಾಗ ಅದರಲ್ಲಿ ಕೆಲವನ್ನು ಕಂಪನಿಯೇ ಹಿಂದೆಗೆದುಕೊಂಡಿತು. ಆದರೆ ಮುಖ ಬದಲಾದ ದಿನವೇ ಎಲ್ಲ ಮಾದರಿಗಳ ಕರುಳೂ ಬದಲಾಗಲಿಲ್ಲ. ಬೆಳ್ಳಿ ಮುಖದ ಹಿಂದೆ ಕಪ್ಪು ಕಾಲದ ಸರ್ಕಿಟ್ಟೇ ಇರುವ ಪೆಟ್ಟಿಗೆಗಳೂ ಉಂಟು.

ಇನ್ನು ಪ್ರಸ್ತುತಕ್ಕೆ ಬರುತ್ತೇನೆ. 2019ರ ಜುಲೈ ತಿಂಗಳು. ಕಾನ್ಸಾವ್ಲಿಂ ಕಡೆಯ ಒಬ್ಬ ವೃದ್ಧೆ, ತನ್ನ ಸೋದರಳಿಯನೊಡನೆ ಫೆಂಡರ್ ಡಿಲಕ್ಸ್ ರಿವರ್ಬ್ ಎಂಬ ಆಂಪ್ಲಿಫಯರನ್ನು ರಿಕ್ಷಾದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಅಂಗಡಿಗೆ ತಂದರು. ಆಕೆಯ ಪತಿ ಗಿಟಾರ್ ವಾದಕರು, ಮದುವೆಗಳಲ್ಲಿಯೂ ಹೋಟೆಲುಗಳಲ್ಲಿಯೂ ನುಡಿಸಿದವರು. ತೀರಿಕೊಂಡು ಎರಡು ವರ್ಷವಾಗಿತ್ತು. 1973ರಲ್ಲಿ ಅಂಜುಣೆಯಲ್ಲಿ ಊರಿಗೆ ಮರಳುವ ವಿದೇಶಿಯೊಬ್ಬನಿಂದ ಅದನ್ನು ಕೊಂಡಿದ್ದರಂತೆ. "ಅರವತ್ತಾರರ ಫೆಂಡರ್" ಎಂದು ಜೀವಮಾನವಿಡೀ ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಮನೆಯ ಮಂಗಳೂರು ಹೆಂಚಿನ ಮಾಡು ಕುಸಿಯುವ ಸ್ಥಿತಿಯಲ್ಲಿತ್ತು, ತೊಲೆಗಳಿಗೆ ಗೆದ್ದಲು. ಹೊರದೇಶದ ಸಂಗ್ರಾಹಕನೊಬ್ಬ ಒಳ್ಳೆಯ ಬೆಲೆ ಕೊಡಲು ಸಿದ್ಧನಿದ್ದ. ಆದರೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದ ಕುಶಲಕರ್ಮಿಯೊಬ್ಬನ ಲಿಖಿತ ವಿವರಣೆ ಬೇಕೆಂದು ಕೇಳಿದ್ದ. ಮುಖ ಬೆಳ್ಳಿಯದಾಗಿತ್ತು. ಎಪ್ಪತ್ತರ ದಶಕದಲ್ಲಿ ಯಾರೋ ಮುಖವನ್ನು ಬದಲಿಸಿರಬೇಕು, ಒಳಗೆಲ್ಲ ಅರವತ್ತಾರರದೇ ಎಂದು ಕುಟುಂಬದವರ ನಂಬಿಕೆ. ಅಸಂಭವವಾದ ಮಾತೇನಲ್ಲ.

ಸಾಕ್ಷ್ಯಗಳೂ ಅವರ ಪರವಾಗಿಯೇ ಇದ್ದವು. ಪೆಟ್ಟಿಗೆಯ ಒಳಗೋಡೆಗೆ ವಾಲ್ವುಗಳ ಸ್ಥಾನವನ್ನು ತೋರಿಸುವ ಕಾಗದದ ಚೀಟಿಯೊಂದನ್ನು ಅಂಟಿಸಿರುತ್ತಾರೆ. ಅದರಲ್ಲಿ ಎಬಿ 763 ಎಂದು ಅಚ್ಚಾಗಿತ್ತು. ಸೋದರಳಿಯ ಅದನ್ನು ತೋರಿಸಿ 1963 ಎಂದೇ ವಾದಿಸಿದ. ಅದು ಸರ್ಕಿಟ್ಟಿನ ನಕ್ಷೆ ಸಿದ್ಧವಾದ ತಿಂಗಳು ಮತ್ತು ವರ್ಷ, 1963ರ ಜುಲೈ. ಪೆಟ್ಟಿಗೆ ತಯಾರಾದ ದಿನಾಂಕವಲ್ಲ. ದಿನಾಂಕಕ್ಕೆ ಬೇರೆ ಗುರುತಿದೆ: ಚೀಟಿಯ ಮೇಲೆ ರಬ್ಬರ್ ಮುದ್ರೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು. ಮೊದಲನೆಯದು ವರ್ಷ, 1951ಕ್ಕೆ 'ಎ' ಎಂದು ಆರಂಭಿಸಿ ಎಣಿಸುತ್ತ ಬರಬೇಕು, ಎರಡನೆಯದು ತಿಂಗಳು. ಇಲ್ಲಿದ್ದದ್ದು 'ಪಿಡಿ'. ಬೆರಳು ಮಡಿಚಿ ನಾನೇ ಎಣಿಸಿದೆ: 1966, ಏಪ್ರಿಲ್. ಧ್ವನಿವರ್ಧಕದ ಅಂಚಿನಲ್ಲಿ 465-611 ಎಂಬ ಅಂಕಿ. 465 ಎಂದರೆ ಆಕ್ಸ್‌ಫರ್ಡ್ ಎಂಬ ತಯಾರಕರು, 6 ಎಂದರೆ 1966, 11 ಎಂದರೆ ಹನ್ನೊಂದನೆಯ ವಾರ. ಚೀಟಿಗೂ ಇದಕ್ಕೂ ತಾಳೆಯಾಯಿತು. ಧ್ವನಿಯನ್ನು ಏರಿಸಿ ಇಳಿಸುವ ಕಂಟ್ರೋಲುಗಳ ಬೆನ್ನಿನಲ್ಲಿ 137 ಮತ್ತು 66. ಸಿಟಿಎಸ್ ಎಂಬ ತಯಾರಕರು, 1966. ವೃದ್ಧೆಯ ಮುಖ ಅರಳಿತು. ನಾನಂತೂ ತೀರ್ಪು ಬಂದಾಯಿತೆಂದು ಚಹಾ ಹೇಳಿದೆ.

ನನ್ನ ಶಿಷ್ಯ ಚಹಾ ಕುಡಿಯಲಿಲ್ಲ. ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿ, ಎಡಗೈಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು (ಪ್ಲಗ್ ಕಿತ್ತ ಮೇಲೂ ಈ ಪೆಟ್ಟಿಗೆಗಳು ನಾಲ್ಕುನೂರು ವೋಲ್ಟನ್ನು ಬಚ್ಚಿಟ್ಟುಕೊಂಡಿರುತ್ತವೆ; ಎರಡೂ ಕೈ ಒಳಗೆ ಹಾಕಬಾರದೆಂಬುದು ಹಳೆಯ ಕಸುಬುದಾರರ ವ್ರತ) ಲೋಹದ ಚಾಸಿಯನ್ನು ಟಾರ್ಚಿನ ಬೆಳಕಿನಲ್ಲಿ ಒಂದು ಗಂಟೆ ನೋಡಿದ. ಕೊನೆಗೆ ನನ್ನನ್ನು ಹತ್ತಿರ ಕರೆದು ತೋರಿಸಿದ. ಚೀಟಿ ಅಂಟಿರುವುದು ಯಾವುದಕ್ಕೆ? ಮರದ ಪೆಟ್ಟಿಗೆಗೆ. ಧ್ವನಿವರ್ಧಕವನ್ನು ಬಿಗಿದಿರುವುದು ಯಾವುದಕ್ಕೆ? ಅದೇ ಪೆಟ್ಟಿಗೆಗೆ. ಆಂಪ್ಲಿಫಯರಿನ ಜೀವವಿರುವುದು ಚಾಸಿಯಲ್ಲಿ. ಅದು ನಾಲ್ಕು ತಿರುಪುಗಳಲ್ಲಿ ಪೆಟ್ಟಿಗೆಗೆ ತೂಗುಬಿದ್ದಿರುತ್ತದೆ, ತಿರುಪು ಬಿಚ್ಚಿದರೆ ಬೇರೊಂದರಲ್ಲಿ ಕೂಡುತ್ತದೆ. ಹಾಗಾದರೆ ಕಂಟ್ರೋಲುಗಳು? ಅವು ಚಾಸಿಯವೇ. ಆದರೆ ಕಂಪನಿಯವರು 1966ರಲ್ಲಿ ಆ ಕಂಟ್ರೋಲುಗಳನ್ನು ರಾಶಿಗಟ್ಟಲೆ ಕೊಂಡು ವರ್ಷಗಳ ತನಕ ಬಳಸಿದರು. ಕಂಟ್ರೋಲಿನ ದಿನಾಂಕವು 'ಇದಕ್ಕಿಂತ ಹಿಂದಿನದಲ್ಲ' ಎಂದು ಮಾತ್ರ ಹೇಳಬಲ್ಲುದು.

ಉಳಿದದ್ದು ಟ್ರಾನ್ಸ್‌ಫಾರ್ಮರುಗಳು. ವಿದ್ಯುತ್ತಿನ ಮುಖ್ಯ ಟ್ರಾನ್ಸ್‌ಫಾರ್ಮರು ಮೂಲದ್ದಾಗಿರಲಿಲ್ಲ. ಅಮೆರಿಕೆಯ ಮನೆಗಳಲ್ಲಿರುವುದು ನಮ್ಮ ಅರ್ಧದಷ್ಟು ವೋಲ್ಟೇಜು. ಸ್ಟೆಪ್‌ಡೌನ್ ಪೆಟ್ಟಿಗೆಯನ್ನು ಮರೆತು ಯಾರೋ ನೇರವಾಗಿ 230 ವೋಲ್ಟಿಗೆ ಚುಚ್ಚಿದ್ದರಿಂದ ಅದು ಸುಟ್ಟು, ಹುಬ್ಬಳ್ಳಿಯಲ್ಲಿ ಹೊಸದನ್ನು ಸುತ್ತಿಸಿದ್ದರೆಂದು ವೃದ್ಧೆಯೇ ಹೇಳಿದರು. ಉಳಿದ ಮೂರರ ಮೇಲೆ, ಅಂದರೆ ಧ್ವನಿವರ್ಧಕಕ್ಕೆ ಹೋಗುವುದು, ಪ್ರತಿಧ್ವನಿಯದು ಮತ್ತು ಚೋಕು ಇವುಗಳ ಮೇಲೆ, ಧೂಳನ್ನು ಒರೆಸಿದಾಗ ಅಂಕಿಗಳು ಕಂಡವು: 606, ಷೂಮಾಕರ್ ಎಂಬ ತಯಾರಕರು, ಮುಂದಿನ ಅಂಕಿ ಮೂರರಲ್ಲಿಯೂ 9. ಒಂಬತ್ತೆಂದರೆ 1959ಇರಲಾರದು, ಈ ಮಾದರಿ ಆಗ ಹುಟ್ಟಿರಲಿಲ್ಲ. 1979 ಇರಲಾರದು, ಇವರ ಮನೆಗೆ ಬಂದದ್ದೇ 1973ರಲ್ಲಿ. ಟ್ರಾನ್ಸ್‌ಫಾರ್ಮರುಗಳನ್ನೂ ಮುಂದೆ ಯಾರಾದರೂ ಬದಲಿಸಿರಬಹುದಲ್ಲವೇ ಎಂದು ನಾನು ಕೇಳಿದೆ, ವಕೀಲಿ ಬುದ್ಧಿ. ಅವನು ಬೆಸುಗೆಗಳನ್ನು ತೋರಿಸಿದ. ಹುಬ್ಬಳ್ಳಿಯ ಟ್ರಾನ್ಸ್‌ಫಾರ್ಮರಿನ ಬೆಸುಗೆ ದಪ್ಪ, ಸುತ್ತ ರಾಳದ ಕಲೆ. ಈ ಮೂರರ ಬೆಸುಗೆಗಳು ತೆಳು, ಮಂಕು, ಕಾರ್ಖಾನೆಯಿಂದ ಬಂದ ಮೇಲೆ ಕಾದ ಕಡ್ಡಿ ಮುಟ್ಟದಂಥವು. ಹಿಂದಿನವುಗಳಲ್ಲಿ ಬಟ್ಟೆ ಸುತ್ತಿದ ತಂತಿಗಳಿದ್ದರೆ ಇಲ್ಲಿ ಪ್ಲಾಸ್ಟಿಕ್ ಹೊದಿಕೆಯವು. ನೀಲಿ ಕಂಡೆನ್ಸರುಗಳ ಬದಲಿಗೆ ಕಂದು. ಬೆಳ್ಳಿ ಮುಖ ಬದಲಿ ಮುಖವಲ್ಲ, ಹುಟ್ಟಾ ಮುಖ. 1969ರ ಚಾಸಿಯೊಂದು 1966ರ ಪೆಟ್ಟಿಗೆಯಲ್ಲಿ ಸಂಸಾರ ಹೂಡಿತ್ತು.

ಅಂಗಡಿಯ ಹಿಂಭಾಗದಲ್ಲಿ ಅವನು ನನ್ನನ್ನು ಕೇಳಿದ: "ಸರ್, ಏನ್ ಬರೀಲ್ರಿ?" 1966 ಎಂದು ಬರೆದರೆ ಬರುವ ಹಣಕ್ಕೂ ನಿಜ ಬರೆದರೆ ಬರುವ ಹಣಕ್ಕೂ ನಡುವೆ ಒಂದು ಮಾಡಿನ ಅಂತರವಿತ್ತು. ಈ ಚಿಕ್ಕ ಮಾದರಿಯಲ್ಲಿ ಎರಡು ಕಾಲದ ಸರ್ಕಿಟ್ಟಿಗೂ ವ್ಯತ್ಯಾಸ ಅತ್ಯಲ್ಪ. ಧ್ವನಿಯಲ್ಲಿ ಕೇಳುಗನಿಗೆ ನಷ್ಟವಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಆಕೆ ಒದ್ದೆಯಾದ ಕೊಡೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕಾದಿದ್ದರು. ಮೂವತ್ತೈದು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಾಪಿ ಬರೆಸಿದ ನಾನು ಹೇಳಿದ್ದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತೇನೆ. "ಚೀಟಿಯಲ್ಲಿ ಇದ್ದದ್ದನ್ನು ಬರಿಯಪ್ಪಾ. ಚೀಟಿಯಲ್ಲಿ ಅರವತ್ತಾರು ಅಂತ ಐತಿ. ನೀನು ಸುಳ್ಳು ಹೇಳಿದಂಗ ಆಗೂದಿಲ್ಲ" ಎಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, ಯಾವ ಕಹಿಯೂ ಇಲ್ಲದೆ, "ಸರ್, ನಂದೂ ಚೀಟಿನ ಐತಲ್ರಿ" ಎಂದ.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಆ ವಿಷಯವನ್ನು ಅವನು ಎತ್ತಿದ್ದು ಅದೊಂದೇ ಸಲ. ನನಗೆ ಉತ್ತರ ಹೊಳೆಯಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ. ಅವನು ಹೇಳುತ್ತ ಹೋದ, ನಾನು ಕನ್ನಡದಲ್ಲಿ ಬರೆದೆ. ಮರುದಿನ ನನ್ನ ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದಳು. ಮರದ ಪೆಟ್ಟಿಗೆ, ಚೀಟಿ, ಧ್ವನಿವರ್ಧಕ 1966ರವು. ಚಾಸಿ ಮತ್ತು ಅದರ ಮೂರು ಟ್ರಾನ್ಸ್‌ಫಾರ್ಮರುಗಳು 1969ರವು, ಮುಟ್ಟಿಲ್ಲ. ಮುಖ್ಯ ಟ್ರಾನ್ಸ್‌ಫಾರ್ಮರು ಹುಬ್ಬಳ್ಳಿಯಲ್ಲಿ ಸುತ್ತಿದ್ದು. ಒಂಬತ್ತು ವಾಲ್ವುಗಳಲ್ಲಿ ಎರಡು ಭಾರತದವು: ಅಮೆರಿಕದವರು 12ಎಎಕ್ಸ್7 ಎನ್ನುವ, ಯುರೋಪಿನವರು ಇಸಿಸಿ83 ಎನ್ನುವ ಒಂದೇ ವಾಲ್ವಿನ ಬೆಂಗಳೂರು ಅವತಾರ. ಎರಡು ಪಿನ್ನಿನ ಅಪಾಯಕರ ತಂತಿಯನ್ನು ತೆಗೆದು ಮೂರು ಪಿನ್ನಿನದನ್ನು ತಾನೇ ಹಾಕಿದ್ದಾನೆ. ಕೆಳಗೆ ಸಹಿ ಮತ್ತು ದಿನಾಂಕ.

ವೃದ್ಧೆ ಓದಿಸಿಕೊಂಡು ಕೇಳಿದರು. ಕೋಪ ಬಂದಿರಬೇಕು, ಪತಿಯ ಮಾತನ್ನು ಸುಳ್ಳು ಮಾಡಿದಂತಾಯಿತಲ್ಲ. ರಿಪೇರಿಯ ಹಣವನ್ನು ಎಣಿಸಿ ಮೇಜಿನ ಮೇಲಿಟ್ಟು, ಒಂದೂ ಮಾತಾಡದೆ ಪೆಟ್ಟಿಗೆಯನ್ನು ಎತ್ತಿಸಿಕೊಂಡು ಹೊರಟುಹೋದರು. ಸಂಗ್ರಾಹಕ ಹಿಂದೆ ಸರಿದನೆಂದು ಆಮೇಲೆ ತಿಳಿಯಿತು. ಆ ರಾತ್ರಿಯೆಲ್ಲ ಮಳೆ. ನನ್ನ ಶಿಷ್ಯನಿಗೆ ನಿದ್ರೆ ಬಂತೋ ಇಲ್ಲವೋ ತಿಳಿಯದು, ನನಗೆ ಬರಲಿಲ್ಲ. ಡಿಸೆಂಬರಿನಲ್ಲಿ ಆಕೆ ಮತ್ತೆ ಬಂದರು. ಮಾಪ್ಸಾದ ಕಡೆಯ ಯುವ ವಾದಕನೊಬ್ಬ ಆ ಕಾಗದವನ್ನು ಓದಿ, ಕಾಗದದಲ್ಲಿ ಇದ್ದದ್ದಕ್ಕೆ ತಕ್ಕ ಬೆಲೆ ಕೊಟ್ಟು ಕೊಂಡಿದ್ದ. ಒಪ್ಪಿಸುವ ಮೊದಲು ಒಮ್ಮೆ ನೋಡಿಕೊಡಬೇಕಾಗಿತ್ತು. ಹಣ ಮಾಡಿನ ಮುಂಭಾಗಕ್ಕೆ ಸಾಕಾಯಿತು. ಹಿಂಭಾಗಕ್ಕೆ ಇವತ್ತಿಗೂ ತಗಡಿನ ಹಾಳೆಯೇ ಇದೆ. ಆಕೆಯ ಮನೆಯ ರೇಡಿಯೋ ಕೆಟ್ಟರೆ ಈಗಲೂ ಅವನ ಬಳಿಗೇ ಬರುತ್ತದೆ.

ಈ ಸಂಚಿಕೆಗಾಗಿ ಹಳೆಯ ಭಾವಚಿತ್ರಗಳನ್ನು ಹುಡುಕಲು ಕಳೆದ ತಿಂಗಳು ಶಾಲೆಯ ಕಚೇರಿಗೆ ಹೋಗಿದ್ದೆ. ಕಪಾಟಿನಲ್ಲಿ 1977ರ ದಾಖಲಾತಿ ಪುಸ್ತಕ ಕೈಗೆ ಸಿಕ್ಕಿತು. ಪುಟ ಹಳದಿಗಟ್ಟಿದೆ, ಶಾಯಿ ಮಾತ್ರ ಮಾಸಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದೆ: 1-6-1970. ಅಕ್ಷರ ನನ್ನದೇ. ಪುಸ್ತಕವನ್ನು ತಿದ್ದಲು ನನಗೆ ಆಗಲೂ ಅಧಿಕಾರವಿರಲಿಲ್ಲ, ಈಗಲೂ ಇಲ್ಲ. ಆದುದರಿಂದ ಸಂಪಾದಕ ಮಂಡಳಿಯ ಅಪ್ಪಣೆ ಪಡೆದು ಈ ಪುಟದಲ್ಲಿ ಅಚ್ಚು ಮಾಡಿಸುತ್ತಿದ್ದೇನೆ: ಆ ನಮೂದು ತಪ್ಪು. ಆ ಹುಡುಗ ಹುಟ್ಟಿದ್ದು 1971ರ ಡಿಸೆಂಬರ್ ತಿಂಗಳಲ್ಲಿ, ಯುದ್ಧದ ದಿನಗಳಲ್ಲಿ, ಊರಿನ ದೀಪಗಳನ್ನು ಆರಿಸಿದ್ದ ಒಂದು ರಾತ್ರಿ. ತಪ್ಪಾಗಿ ಬರೆದವನು ನಾನು.